ಹನ್ನೊಂದನೆಯ ಕಾಲಂ

ಮಂಗಳವಾರ, ಹತ್ತನೇ ತಾರೀಕು
ಕಚೇರಿಯಲ್ಲಿ, ಮಧ್ಯಾಹ್ನದ ಬಿಡುವಿನಲ್ಲಿ

ಪ್ರೀತಿಯ ಪಿನ್ನಿ,

ನಿನ್ನ ಖಾಲಾಳ ಸಲಾಂ. ನಾನು ಕ್ಷೇಮ. ನೀನೂ ಕ್ಷೇಮವೆಂದು ನಿನ್ನ ಅಮ್ಮಿ ಹೇಳುತ್ತಾಳೆ. ಆದರೆ ನನ್ನಕ್ಕ ಜ್ವರ ಬಂದು ಮಲಗಿದಾಗಲೂ ಕ್ಷೇಮವೆಂದೇ ಹೇಳುವ ಪೈಕಿ, ಅವಳ ವರದಿಯನ್ನು ನಾನು ನೆಚ್ಚುವುದಿಲ್ಲ. ನೀನೇ ಬರೆದು ತಿಳಿಸು.

ಫೋನಿರುವಾಗ ಕಾಗದವೇಕೆ ಎಂದು ಹುಬ್ಬೇರಿಸುತ್ತೀಯ, ಗೊತ್ತು. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು "ಆಯ್ತು ಬಿಡೇ, ಒಲೆ ಮೇಲೆ ಹಾಲಿಟ್ಟಿದ್ದೀನಿ" ಎಂದು ಜಾರಿಕೊಳ್ಳುತ್ತೇನೆ. ಕಾಗದದಲ್ಲಿ ನಿನಗೆ ಬಾಯಿಲ್ಲ, ನನಗೆ ಹಾಲಿಲ್ಲ. ಬರುವ ವಾರದ ಶುಕ್ರವಾರ ನಿನ್ನ ನಿಕಾಹ್. ಅಷ್ಟರೊಳಗೆ ನೀನು ತಿಳಿಯಬೇಕಾದ ಸಂಗತಿಯೊಂದಿದೆ. ನಿನ್ನ ಎರಡು ಷರತ್ತುಗಳು ನಿಕಾಹ್‌ನಾಮೆಗೆ ಏರದ ಹಾಗೆ ಯಾರೋ ಕೈಯಾಡಿಸಿದ್ದರು. ಯಾರೆಂದು ಪತ್ತೆ ಮಾಡಿದ್ದೇನೆ. ಪತ್ತೆಯಾದ ರೀತಿ ನನ್ನ ಮರ್ಯಾದೆ ಹೆಚ್ಚಿಸುವಂಥದ್ದಲ್ಲ, ಆದ್ದರಿಂದ ಸ್ವಲ್ಪ ಸುತ್ತಿ ಬಳಸಿ ಬರೆಯುತ್ತೇನೆ, ಸಹಿಸಿಕೊ.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ಖಾಜಿ ಸಾಹೇಬರ ಕಚೇರಿಯಲ್ಲಿ ಇಪ್ಪತ್ತೈದು ವರ್ಷದಿಂದ ನಿಕಾಹ್‌ನಾಮೆ ತುಂಬುವವಳು ನಾನೇ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿದಾಗ ನನ್ನ ಹತ್ತಿರ ಇದ್ದದ್ದು ಎರಡೇ: ದುಂಡನೆಯ ಅಕ್ಷರ, ಮತ್ತು ಕನ್ನಡ ಮೇಷ್ಟ್ರು ಹಚ್ಚಿದ ಪ್ರಾಸದ ಚಟ. ಅಕ್ಷರಕ್ಕೆ ಸಂಬಳ ಸಿಕ್ಕಿತು, ಪ್ರಾಸಕ್ಕೆ ಬೈಗುಳ. ಸಾವಿರಾರು ಮದುವೆ ಬರೆದ ಕೈಗೆ ತನ್ನದೊಂದನ್ನು ಬರೆದುಕೊಳ್ಳಲು ಪುರುಸೊತ್ತಾಗಲಿಲ್ಲ ಎಂದು ಖಾಜಿ ಸಾಹೇಬರು ಬಂದವರಿಗೆಲ್ಲ ಹೇಳಿ ನಗಿಸುತ್ತಾರೆ. ನಾನೂ ನಗುತ್ತೇನೆ. ಸಂಬಳದಲ್ಲಿ ಅದೂ ಸೇರಿದೆ.

ಫಾರಂನಲ್ಲಿ ಹದಿನಾಲ್ಕು ಕಾಲಂ. ಹನ್ನೊಂದನೆಯದು "ವಿಶೇಷ ಷರತ್ತುಗಳಿದ್ದಲ್ಲಿ" ಎಂಬುದು. ಚುಕ್ಕಿಗೆರೆ ಹಾಕಿದ ಮೂರು ಸಾಲಿನ ಜಾಗ. ಅಲ್ಲಿ ಬರೆದು ಎರಡೂ ಕಡೆಯವರು ಸಹಿ ಹಾಕಿದರೆ, ನಾಳೆ ಮಾತಿಗೆ ಮಾತು ಬಂದಾಗ ಅದೇ ಆಧಾರ. ಅಡ್ಡಗೆರೆ ಬಿದ್ದಿದ್ದರೆ ಏನೂ ಇಲ್ಲವೆಂದರ್ಥ. ಗೆರೆಯ ಮೇಲೆ ಆಮೇಲೆ ಏನು ಗೀಚಿದರೂ ಅದು ಲೆಕ್ಕಕ್ಕಿಲ್ಲ.

ಆ ಮೂರು ಸಾಲಿಗೆ ನೀನು ಕಳೆದ ತಿಂಗಳು ಕಳಿಸಿದ್ದು ಎರಡು ವಾಕ್ಯ. ಮದುವೆಯ ನಂತರವೂ ಪತ್ರಿಕೆಯ ಕೆಲಸ ಮುಂದುವರಿಸುತ್ತೇನೆ, ಬಿಡುವುದಾದರೆ ನಾನೇ ಬಿಡುತ್ತೇನೆ ಎಂಬುದು ಒಂದು. ತಲೆಯ ಮೇಲೆ ಏನಿರಬೇಕು, ಏನಿರಬಾರದು ಎಂಬುದನ್ನು ಆ ತಲೆಯೇ ತೀರ್ಮಾನಿಸುತ್ತದೆ, ತೊಡು ಎಂದೂ ತೆಗೆ ಎಂದೂ ಬೇರೆ ಯಾರೂ ಹೇಳತಕ್ಕದ್ದಲ್ಲ ಎಂಬುದು ಇನ್ನೊಂದು.

ಓದಿದ ಕೂಡಲೇ ನನ್ನ ಮೊದಲ ಅನುಮಾನ ನಿನ್ನ ಮೇಲೆಯೇ. ಇದು ಹುಡುಗಿಗೆ ನಿಜವಾಗಿ ಬೇಕಾದದ್ದೋ, ಅಥವಾ ನಾಳೆ ಪತ್ರಿಕೆಯಲ್ಲಿ "ನನ್ನ ನಿಕಾಹ್‌ನಾಮೆ" ಎಂದು ಲೇಖನ ಬರೆಯಲು ಬೇಕಾದದ್ದೋ? ನಿಮ್ಮ ಪತ್ರಿಕೆಯನ್ನು ನಾನು ಮೊದಲ ಸಂಚಿಕೆಯಿಂದ ಓದುತ್ತಿದ್ದೇನೆ, ಫೋನಿನ ಪರದೆಯನ್ನು ಎರಡು ಬೆರಳಿನಲ್ಲಿ ಹಿಗ್ಗಿಸಿ ಹಿಗ್ಗಿಸಿ. ಬ್ಯಾಗಿನ ಅಂಗಡಿಯ ಮೇಲೆ ಒಂದು ಕೋಣೆ, ಮೂವರು ಹುಡುಗಿಯರು, ಎರಡೂವರೆ ಕುರ್ಚಿ. ತನ್ನ ಮುಖ ಮುಚ್ಚಿಕೊಂಡು ಊರವರ ಮುಖದ ಫೋಟೊ ತೆಗೆಯುವವಳು ಒಬ್ಬಳು. ತಲೆಗೆ ಏನೂ ಹಾಕದೆ ಸುದ್ದಿ ಬರೆಯುವವಳು ಇನ್ನೊಬ್ಬಳು. ನಡುವೆ ನೀನು, ಸ್ಕಾರ್ಫು ಒಂದು, ಪಿನ್ನು ಏಳು. ನಿಮ್ಮ ಜಗಳಗಳನ್ನೂ ಬಿಡದೆ ಪ್ರಕಟಿಸುತ್ತೀರಿ. ಸುದ್ದಿಯವಳು ನಿನಗೆ "ನಿನ್ನ ಫ್ಯಾಶನ್ ಪುಟದಿಂದ ಯಾರ ಹೊಟ್ಟೆ ತುಂಬುತ್ತೆ?" ಎಂದು ಹಂಗಿಸಿದ್ದು, ನೀನು "ನಿನ್ನ ಸುದ್ದಿ ಪುಟ ಓದಿದ್ರೆ ಹಸಿವೇ ಹೋಗುತ್ತೆ" ಎಂದು ತಿರುಗಿಸಿದ್ದು, ಫೋಟೊದವಳು ಮುಸುಕಿನೊಳಗಿಂದ "ಇಬ್ರೂ ಸ್ವಲ್ಪ ಕಿಟಕಿ ಕಡೆ ತಿರುಗಿ, ಜಗಳ ಚೆನ್ನಾಗಿ ಬರ್ತಿದೆ" ಎಂದದ್ದು, ಎಲ್ಲವೂ ನನಗೆ ಬಾಯಿಪಾಠ. ಸ್ಕಾರ್ಫು ಸಿಕ್ಕಿಸಲು ಪಿನ್ನಿಗಿಂತ ಅಯಸ್ಕಾಂತ ಮೇಲು ಎಂದು ನೀನು ಬರೆದದ್ದನ್ನು ನಂಬಿ ಒಂದು ಜೊತೆ ತರಿಸಿಕೊಂಡೆ. ಮೊದಲ ದಿನವೇ ಅದು ಮೇಜಿನ ಮೇಲಿದ್ದ ಗುಂಡುಸೂಜಿಗಳನ್ನೆಲ್ಲ ನನ್ನ ಗಂಟಲಿಗೆ ಎಳೆದುಕೊಂಡಿತು. ಖಾಜಿ ಸಾಹೇಬರು ಇದೇನು ಹೊಸ ಆಭರಣ ಎಂದರು.

ನಗು ಒಂದು ಕಡೆ ಇರಲಿ. ಬಟ್ಟೆ ಕಂಪನಿಯವರು ಜಾಹೀರಾತಿಗೆ ನಿನ್ನ ಸ್ಕಾರ್ಫು ಬೇಕು, ಮಾತು ಬೇಡ ಎಂದಾಗ ನೀನು ಎದ್ದು ಬಂದೆಯಲ್ಲ, ಅದನ್ನು ನಾನು ಎರಡು ಸಲ ಓದಿದೆ. ಸುದ್ದಿಯವಳನ್ನು ಟಿ.ವಿ. ಚರ್ಚೆಗೆ ಕರೆದವರು "ತಲೆಗೆ ಏನಾದ್ರೂ ಹಾಕ್ಕೊಂಡು ಬರ್ತೀರಾ ಮೇಡಂ, ನೋಡೋರಿಗೆ ಗೊತ್ತಾಗ್ಬೇಕಲ್ಲ" ಎಂದರಂತೆ. "ಏನು ಗೊತ್ತಾಗ್ಬೇಕು?" ಎಂದು ಕೇಳಿದ್ದಕ್ಕೆ ಫೋನಿಟ್ಟರಂತೆ. ಪ್ರಪಂಚದ ಯಾವ ಮೂಲೆಯಲ್ಲಿ ಏನು ಸಿಡಿದರೂ "ನಿಮ್ಮವರು ಏನಂತಾರೆ?" ಎಂದು ನಿಮ್ಮ ಮೂವರಿಗೆ ಕರೆ ಬರುತ್ತದೆ. ನಮ್ಮವರು ಅಂದರೆ ಯಾರು, ಮೆಟ್ಟಿಲ ಮೇಲೆ ಚಪ್ಪಲಿ ಬಿಡಬೇಡಿ ಎಂದು ದಿನವೂ ಬೈಯುವ ಬ್ಯಾಗಿನಂಗಡಿಯವರಾ ಎಂದು ನೀನು ಕೇಳಿದ್ದೆ. ಊರು ನಿಮ್ಮನ್ನು ಅನುಮಾನದಿಂದ ನೋಡುತ್ತದೆ, ನೀವು ಊರನ್ನು ಅನುಮಾನದಿಂದ ನೋಡುತ್ತೀರಿ. ಆ ವಿಷಯದಲ್ಲಿ ನೀನು ನನ್ನ ರಕ್ತವೇ. ಹಾಗಾಗಿ ಷರತ್ತು ನಿನ್ನ ಸ್ವಂತದ್ದೇ ಎಂದು ಒಪ್ಪಿಕೊಂಡು, ನನ್ನ ಅನುಮಾನವನ್ನು ಗಂಡಿನ ಕಡೆ ತಿರುಗಿಸಿದೆ.

ಅವನಿಗೆ ನಾನಿಟ್ಟ ಹೆಸರು ಹೂಂಸಾಹೇಬ. ನೋಡಲು ಬಂದ ದಿನ ನಾನು ಸೋಫಾದ ಎದುರಿನ ಕುರ್ಚಿಯಲ್ಲಿ ಕೂತು ಎಣಿಸಿದ್ದೇನೆ. ಹುಡುಗಿ ಕೆಲಸಕ್ಕೆ ಹೋಗುತ್ತಾಳೆ, ಹೂಂ. ಬೇರೆ ಊರಿನಲ್ಲಿ ಒಬ್ಬಳೇ ಇದ್ದಾಳೆ, ಹೂಂ. ಮದುವೆಯಾದ ಮೇಲೂ ವಾರಕ್ಕೆ ಎರಡು ದಿನ ಅಲ್ಲಿಗೆ ಹೋಗಿಬರುತ್ತಾಳೆ, ಹೂಂ. ನಾನು ಪರೀಕ್ಷೆಗೆಂದು "ಅವಳಿಗೆ ಸಿಟ್ಟು ಜಾಸ್ತಿ, ಕೈಗೆ ಸಿಕ್ಕಿದ್ದು ಎಸೀತಾಳೆ" ಎಂದೆ. ಅದಕ್ಕೂ ಹೂಂ! ಅವನ ತಾಯಿಯೋ, ಚಹಾದ ಲೋಟ ಕೆಳಗಿಡುವಾಗಲೂ ನಗು. ಷರತ್ತುಗಳ ವಿಷಯ ನಾನೇ ಬಾಯಿಬಿಟ್ಟು ಹೇಳಿದಾಗ "ಆಯ್ತಮ್ಮಾ, ಬರ್ಕೊಳ್ಳಿ, ನಮ್ದೇನಿದೆ" ಎಂದರು. ಪಿನ್ನಿ, ನನ್ನ ಮೇಜಿನ ಮುಂದೆ ಕೂಗಾಡಿದ ಬೀಗರು ಮದುವೆಯ ಮೊದಲೇ ಕೂಗಿ ಮುಗಿಸಿ ಮನೆಗೆ ಹೋಗುತ್ತಾರೆ. ತಲೆಯಾಡಿಸಿದವರೇ ಆರು ತಿಂಗಳು ಬಿಟ್ಟು ತಕರಾರು ತೆಗೆದು ನಕಲು ಪ್ರತಿ ಬೇಕೆಂದು ಬರುವುದು. ಅವತ್ತು ಅವರನ್ನು ಬೀದಿಯ ತುದಿಗೆ ಬಿಟ್ಟು ಬರುವ ದಾರಿಯಲ್ಲೇ ನನಗೊಂದು ಪ್ರಾಸ ಹೊಳೆಯಿತು:

ಎಲ್ಲಕ್ಕೂ ಹೂಂ ಅಂದರೆ ಹೂವು,
ಹೂವಿನ ಅಡಿಯಲ್ಲಿ ಹಾವು?

ಆಪಾಳಿಗೆ, ಅದೇ ನಿನ್ನ ಅಮ್ಮಿಗೆ, ಹೇಳಿದೆ. "ನಿನಗೆ ಎಲ್ಲರೂ ಹಾವೇ, ಮೊದಲು ಚಪ್ಪಲಿ ಹೊರಗೆ ಬಿಡು" ಎಂದಳು.

ನೀನಾದರೂ ಎಚ್ಚರವಾಗಿದ್ದೆಯಾ? ಮುಂದಿನ ಸಂಚಿಕೆಯಲ್ಲೇ "ಸೋಫಾದ ಮೇಲೊಂದು ಹೂಂ" ಎಂದು ಬರೆದು ಅವನನ್ನು ಇಡೀ ಲೋಕಕ್ಕೆ ಬಡಿಸಿದೆ. ಹೆಸರು ಹಾಕಿರಲಿಲ್ಲ ನಿಜ. ಆದರೆ ಕನ್ನಡಕದಂಗಡಿಯವನು ಎಂದು ಬರೆದಿದ್ದೆ. ಪಿನ್ನು ಚುಚ್ಚಿದರೆ ಬಟ್ಟೆಗೆ ತೂತು, ಪೆನ್ನು ಚುಚ್ಚಿದರೆ ಊರೆಲ್ಲ ಮಾತು. ನಾನಂತೂ ಓದಿ ನಕ್ಕು, ನಾಲ್ಕು ಜನಕ್ಕೆ ಕಳಿಸಿದೆ. ಗಂಡಿನ ಕಡೆಯವರು ಓದುವ ಪೈಕಿ ಅಲ್ಲ ಎಂದು ನಂಬಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಕಚೇರಿಯಲ್ಲಿ ಫಾರಂ ಮೊದಲು ಗಂಡಿನ ಮನೆಗೆ ಹೋಗುತ್ತದೆ. ಅವರು ತಮ್ಮ ವಿವರ, ಸಾಕ್ಷಿಗಳ ವಿಳಾಸ ತುಂಬಿ ವಾಪಸು ಕೊಡುತ್ತಾರೆ, ಉಳಿದದ್ದನ್ನು ನಾನು ತುಂಬುತ್ತೇನೆ. ನಿನ್ನ ಫಾರಂ ಹೋದ ಬುಧವಾರ ವಾಪಸು ಬಂತು, ಹನ್ನೊಂದನೆಯದನ್ನು ಬಿಟ್ಟು ಉಳಿದದ್ದನ್ನೆಲ್ಲ ಆಗಲೇ ತುಂಬಿದೆ. ಹೊಸ ಪೆನ್ನು ತೆಗೆದು, ಬೇರೆ ಕಾಗದದಲ್ಲಿ ಎರಡು ಸಲ ಅಭ್ಯಾಸ ಮಾಡಿ, ನಿನ್ನ ಷರತ್ತು ಬರೆಯಲು ಕೂತೆ. ಬೆಳಕು ಸಾಲದೆಂದು ಫಾರಂ ಹಿಡಿದು ಕಿಟಕಿಗೆ ಹೋಗಿ ಕೈ ಚಾಚಿ ನೋಡಿದರೆ, ಹನ್ನೊಂದನೆಯ ಕಾಲಂನ ಈ ಅಂಚಿನಿಂದ ಆ ಅಂಚಿಗೆ ಅಡ್ಡಗೆರೆ! ಚುಕ್ಕಿಗೆರೆಗಳ ನಡುವೆ ಅಡಗಿಕೊಂಡ ಹಾಗೆ, ಕೂದಲಿನಷ್ಟು ಸಣ್ಣ ಗೆರೆ.

ನನಗೆ ಮೈಯೆಲ್ಲ ಉರಿಯಿತು. ಸುಳ್ಳೇಕೆ ಹೇಳಲಿ, ಒಳಗೊಳಗೇ ಸ್ವಲ್ಪ ಸಂತೋಷವೂ ಆಯಿತು. ನಾನು ಹೇಳಿರಲಿಲ್ಲವಾ ಎಂದು ಅನ್ನಿಸುವ ಸಂತೋಷ, ನಿನಗೂ ಗೊತ್ತಿರಬೇಕು. ನಗುವ ಬೀಗಿತ್ತಿ, ನಂಬಿದರೆ ಕೆಟ್ಟಿ ಎಂದು ಗೊಣಗುತ್ತ ಫಾರಂ ಚೀಲಕ್ಕೆ ಹಾಕಿಕೊಂಡು, ಖಾಜಿ ಸಾಹೇಬರಿಗೂ ಹೇಳದೆ, ಆಪಾಳಿಗೂ ಹೇಳದೆ, ನೇರ ಅವನ ಅಂಗಡಿಗೆ ನಡೆದೆ.

ಅಂಗಡಿ ಚಿಕ್ಕದು, ಚೊಕ್ಕದು. ಗೋಡೆಯ ತುಂಬ ಖಾಲಿ ಕನ್ನಡಕಗಳು, ನೂರಾರು ಜನ ಕಣ್ಣು ಬಿಚ್ಚಿಟ್ಟು ಹೋದ ಹಾಗೆ. ತಾಯಿ ಗಲ್ಲಾದ ಪಕ್ಕ ಸ್ಟೂಲಿನ ಮೇಲೆ ಕೂತು ಮೆತ್ತನೆ ಬಟ್ಟೆಯಲ್ಲಿ ಗಾಜು ಒರೆಸುತ್ತಿದ್ದರು. ನಾನು ಫಾರಂ ಬಿಚ್ಚಿ ಅವರ ಮುಂದೆ ಹಿಡಿದು, "ಇದೇನ್ರೀ? ಬಾಯಲ್ಲಿ ಹೂಂ, ಕೈಯಲ್ಲಿ ಗೆರೆನಾ?" ಎಂದೆ. ಅವರ ನಗು ಮೊದಲ ಸಲ ನಿಂತಿತು. "ನಾನ್ಯಾಕಮ್ಮಾ ಗೆರೆ ಎಳೀಲಿ? ನನ್ನ ಹೆಸರು ಬರೀಬೇಕಾದ್ರೇ ಮಗ ಕೈ ಹಿಡೀಬೇಕು. ಸ್ಕೇಲಿಟ್ಟ ಹಂಗೆ ಇಷ್ಟು ನೇರ ಎಲ್ಲಿಂದ ಎಳೀಲಿ?" ಎಂದರು. ಅಳುವ ಹಾಗಾಗಿದ್ದರು. ನಾನು ಬಿಡಲಿಲ್ಲ. "ನೀವಲ್ದಿದ್ರೆ ಮಗ" ಎಂದೆ.

ಹೂಂಸಾಹೇಬ ಒಳಗಿನಿಂದ ಬಂದ. ಫಾರಂ ತೆಗೆದುಕೊಂಡು ನೋಡಿದ, ಆಮೇಲೆ ನನ್ನನ್ನು ನೋಡಿದ. "ಖಾಲಾ, ನೀವು ಓದೋವಾಗ ಇಷ್ಟು ದೂರ ಹಿಡ್ಕೊಳ್ಳೋದು ಯಾವಾಗಿಂದ?" ಎಂದು ಕೇಳಿದ.

"ಮಾತು ತಿರುಗಿಸ್ಬೇಡಪ್ಪ. ಕಳ್ಳರು ಎಷ್ಟು ದೂರ ಇದ್ರೂ ನಂಗೆ ಕಾಣ್ತಾರೆ" ಎಂದೆ.

"ಹೂಂ. ಹತ್ರ ಇದ್ರೆ?" ಎಂದ.

ನನ್ನನ್ನು ಎತ್ತರದ ಕುರ್ಚಿಗೆ ಕೂರಿಸಿದ. ಮೂಗಿನ ಮೇಲೆ ಭಾರದ ಚೌಕಟ್ಟೊಂದನ್ನು ಇಟ್ಟು ಒಂದೊಂದೇ ಗಾಜು ಹಾಕುತ್ತ, ಇದರಲ್ಲಿ ಸ್ಪಷ್ಟವೋ ಅದರಲ್ಲೋ ಎಂದು ಕೇಳಿದ. ಕೊನೆಗೆ ನಿನ್ನ ಫಾರಂ ಕೈಗೆ ಕೊಟ್ಟ. ಅಕ್ಷರಗಳು ಎದ್ದು ಬಂದವು. ಎಷ್ಟೋ ವರ್ಷದಿಂದ ಮಂಜಿನಲ್ಲಿದ್ದ ನನ್ನದೇ ಕೈಬರಹ ಮೊನ್ನೆ ಬರೆದಷ್ಟು ಕಪ್ಪಗೆ ಕಂಡಿತು. ಗೆರೆಯೂ ಕಂಡಿತು. ಅದರ ಬಲತುದಿ ಮೇಲಕ್ಕೆ ಎದ್ದು ಗಾಳದ ಹಾಗೆ ಕೊಂಕಿತ್ತು. ಸ್ಕೇಲು ಮುಗಿದ ಮೇಲೂ ಒಂದು ಕೂದಲೆಳೆ ಮುಂದೆ ಹೋಗಿ ಕೊಂಕುವ ಕೈ ನಮ್ಮ ಕಚೇರಿಯಲ್ಲಿ ಒಂದೇ ಇದೆ. ಆ ಕೈ ಆಗ ಫಾರಂ ಹಿಡಿದುಕೊಂಡಿತ್ತು.

ಹೌದು ಪಿನ್ನಿ. ಗೆರೆ ನನ್ನದು.

ವಿವರ ಹೇಳುತ್ತೇನೆ, ಸಮರ್ಥನೆ ಅಂದುಕೊಳ್ಳಬೇಡ. ಕಾಲಂ ಖಾಲಿ ಬಿಟ್ಟರೆ ಆಮೇಲೆ ಯಾರಾದರೂ ಏನಾದರೂ ಸೇರಿಸಬಹುದು, ಖಾಲಿ ಬಿಡಬೇಡ ಎಂದು ಖಾಜಿ ಸಾಹೇಬರ ಅಪ್ಪಣೆ. ಷರತ್ತು ಬರೆಸುವವರು ಯಾರೂ ಇರಲಿಲ್ಲ. ಮದುವೆಗಳು ಒಟ್ಟೊಟ್ಟಿಗೆ ಬರುವ ತಿಂಗಳುಗಳಲ್ಲಿ ಒಂದೊಂದಕ್ಕೂ ಸ್ಕೇಲು ಹುಡುಕುವುದು ತಾಪತ್ರಯ. ಹಾಗಾಗಿ ಶನಿವಾರದ ಮಧ್ಯಾಹ್ನ ಖಾಲಿ ಫಾರಂಗಳ ಕಟ್ಟು ಬಿಚ್ಚಿ, ಎಲ್ಲಕ್ಕೂ ಮುಂಗಡವಾಗಿ ಗೆರೆ ಎಳೆದಿಡುವುದು ರೂಢಿಯಾಯಿತು. ಅದಕ್ಕೂ ನನ್ನಲ್ಲಿ ಪ್ರಾಸವಿತ್ತು: ಸ್ಕೇಲಿಡು, ಗೆರೆ ಎಳೆ, ಮುಗೀತು ರಗಳೆ. ನಿನ್ನದಕ್ಕೆಂದು ಗೆರೆಯಿಲ್ಲದ ಹೊಸ ಕಟ್ಟಿನಿಂದಲೇ ಫಾರಂ ತೆಗೆದಿದ್ದೆ ಎಂದು ನಾನು ಆಣೆ ಮಾಡಿ ಹೇಳುತ್ತಿದ್ದೆ. ಕಣ್ಣು ಕಾಣದವಳ ಆಣೆ. ಕಟ್ಟು ಬದಲಾಗಿತ್ತು.

ಅಂಗಡಿಯಲ್ಲಿ ನಾನು ಆ ಭಾರದ ಚೌಕಟ್ಟು ಬಿಚ್ಚಿ ಅವನ ಕೈಗಿಟ್ಟೆ. ಅವನೇ ಮೆಲ್ಲಗೆ, "ನಮ್ಮನೆಗೆ ಬಂದಾಗ್ಲೇ ಗೆರೆ ಇತ್ತು ಖಾಲಾ. ಷರತ್ತು ಬೇಡ ಅಂತ ನಿಮ್ಮನೆಯವ್ರೇ ತೀರ್ಮಾನ ಮಾಡಿ, ಹುಡುಗಿಗೆ ಗೊತ್ತಾಗ್ದಂಗೆ ಎಳೆದಿದ್ದೀರಿ ಅಂದ್ಕೊಂಡ್ವಿ" ಎಂದ. ನಾವು ಅವರನ್ನು ಅನುಮಾನಿಸಿದ್ದ ಅದೇ ವಾರ ಅವರು ನಮ್ಮನ್ನು ಅನುಮಾನಿಸುತ್ತಿದ್ದರು. ಅವರದೇ ಸರಿ ಇತ್ತು.

"ಹಂಗಿದ್ರೆ ಯಾಕಪ್ಪ ಕೇಳ್ಲಿಲ್ಲ?" ಎಂದೆ.

"ಕೇಳಿದ್ರೆ ಪತ್ರಿಕೇಲಿ ಬರುತ್ತೆ" ಎಂದ.

ಆಮೇಲೆ ನೆಲ ನೋಡಿಕೊಂಡು ಎಲ್ಲವನ್ನೂ ಹೇಳಿದ. ಹುಡುಗಿ ಪತ್ರಿಕೆಯವಳು ಎಂದು ಕೇಳಿದಾಗಿನಿಂದ ಅವನಿಗೆ ಹೆದರಿಕೆ. ಏನು ಅಂದರೂ ಅಚ್ಚಾಗಬಹುದೆಂದು ಹೂಂ ಬಿಟ್ಟು ಬೇರೆ ಏನೂ ಅನ್ನಲಿಲ್ಲವಂತೆ. "ಕೊನೆಗೆ ಹೂಂ ಅನ್ನೋದೇ ಅಚ್ಚಾಯ್ತು ಖಾಲಾ" ಎಂದ. ಮೊದಲ ಸಂಚಿಕೆಯಿಂದ ಅವನೂ ಓದುತ್ತಿದ್ದಾನೆ. ನಿನ್ನ ಅಯಸ್ಕಾಂತದ ಲೇಖನ ತಪ್ಪು, ದಪ್ಪ ಬಟ್ಟೆಗೆ ಅದು ನಿಲ್ಲುವುದಿಲ್ಲ ಎಂದೂ ಹೇಳಿದ. ತಾಯಿಗೆ ಓದಿ ಹೇಳುವವನೂ ಅವನೇ. ಟಿ.ವಿ.ಯವರು ಫೋನಿಟ್ಟ ಪ್ರಸಂಗವನ್ನು ಆಕೆ ಮೂರು ಸಲ ಓದಿಸಿಕೊಂಡರಂತೆ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕಚೇರಿಗೆ ಬಂದು ಬೀರು ತೆಗೆದೆ. ಗೆರೆ ಎಳೆದ ಫಾರಂಗಳು ಅರವತ್ತಮೂರು ಇದ್ದವು. ಅರವತ್ತಮೂರು ಹುಡುಗಿಯರು ಇನ್ನೂ ಬಂದಿಲ್ಲ, ಅವರಿಗೆ ಹೇಳುವುದು ಏನೂ ಇಲ್ಲವೆಂದು ನಾನು ಆಗಲೇ ಬರೆದಿಟ್ಟಿದ್ದೆ. ಹುಡುಗಿಯೊಬ್ಬಳ ನೆನಪಾಯಿತು. ಎರಡು ವರ್ಷದ ಹಿಂದೆ ಸಹಿ ಹಾಕಲು ಬಂದವಳು ಹನ್ನೊಂದರ ಮೇಲೆ ಬೆರಳಿಟ್ಟು, "ಇಲ್ಲೇನು ಬರೀತಾರೆ ಮೇಡಂ?" ಎಂದಿದ್ದಳು. "ಅಲ್ಲೇನೂ ಬರಿಯಲ್ಲಮ್ಮ, ಕೆಳಗೆ ಸಹಿ ಹಾಕು" ಎಂದಿದ್ದೆ. ಯಾರೂ ಕೇಳುವುದಿಲ್ಲವೆಂದು ನಾನು ಗೆರೆ ಎಳೆದೆ ಎನ್ನುತ್ತಿದ್ದೆನಲ್ಲ, ಗೆರೆ ನೋಡಿ ಎಷ್ಟು ಜನ ಕೇಳದೆ ಹೋದರೋ. ಕನ್ನಡಕ ಹಾಕಿಕೊಂಡ ಮೇಲೆ ಇಂಥವೆಲ್ಲ ಕಾಣಿಸುತ್ತವೆ. ಲಾಭವೇನೂ ಇಲ್ಲ.

ಖಾಜಿ ಸಾಹೇಬರು ಬಂದ ಕೂಡಲೇ ಅರವತ್ತಮೂರನ್ನೂ ಅವರ ಮುಂದಿಟ್ಟು, ಇವು ರದ್ದಾಗಬೇಕು ಎಂದೆ. "ಇಷ್ಟು ವರ್ಷ ಇಲ್ಲದ್ದು ಈಗ ಯಾಕಮ್ಮ?" ಎಂದರು. ಗೆರೆ ಎಳೆಯುವ ಮೊದಲು ಹುಡುಗಿಯನ್ನು ಕೇಳಬೇಕು ಎಂದೆ. "ಎಲ್ಲರನ್ನೂ ಕೇಳ್ತಾ ಕೂತ್ರೆ ಅಷ್ಟರಲ್ಲಿ ಮದ್ವೆ ಮುಗ್ದು ಮಗು ಆಗಿರುತ್ತೆ" ಎಂದರು. ನಾನು ಕುರ್ಚಿಯಿಂದ ಏಳಲಿಲ್ಲ. ಕೊನೆಗೆ ಅವರಿಗೂ ಒಂದು ಅನುಮಾನ ಹುಟ್ಟಿತು. "ನಿನ್ನ ಅಕ್ಕನ ಮಗಳು ಪತ್ರಿಕೆಯವಳಲ್ವಾ? ಬರೀತಾಳಾ ಇದನ್ನ?" ಎಂದರು. ನಾನು ಹೂಂ ಎಂದೆ. ಆ ಅಕ್ಷರದ ಶಕ್ತಿ ನನಗೆ ಆಗ ಗೊತ್ತಾಯಿತು. ರದ್ದು ಮಾಡಿ ಸಹಿ ಹಾಕಿಕೊಟ್ಟರು.

ಶನಿವಾರ ಹೊಸ ಫಾರಂ ತುಂಬಿದೆ. ನಿನ್ನ ಎರಡು ವಾಕ್ಯಗಳನ್ನೂ ನೀನು ಬರೆದ ಹಾಗೆಯೇ ಬರೆದೆ, ಒಂದು ಅಕ್ಷರವನ್ನೂ ಕಾನೂನಿನ ಭಾಷೆಗೆ ತಿರುಗಿಸಲಿಲ್ಲ. ತಾಯಿ ಮಗ ಇಬ್ಬರೂ ಬಂದಿದ್ದರು. ಎರಡನೆಯದನ್ನು ಓದಿ ಹೇಳಿದಾಗ ಆಕೆ, "ನಂಗೂ ಇದನ್ನೇ ಒಂದು ಬರ್ಕೊಡಿ, ನಲವತ್ತು ವರ್ಷ ತಡ ಆಯ್ತು, ಆದ್ರೂ ಇರ್ಲಿ" ಎಂದರು. ಈ ಸಲದ ನಗುವಿನಲ್ಲಿ ನನಗೆ ಹುಳುಕು ಕಾಣಲಿಲ್ಲ. ಹುಡುಕಿದೆ, ಸುಳ್ಳು ಹೇಳುವುದಿಲ್ಲ.

ಹೂಂಸಾಹೇಬ ಎರಡರ ಕೆಳಗೂ ಸಹಿ ಹಾಕಿ, ಪೆನ್ನು ಕೆಳಗಿಡದೆ, "ಇನ್ನೊಂದು ಸಾಲು ಜಾಗ ಇದೆಯಲ್ಲ, ನಂದೂ ಒಂದು ಬರೀಬಹುದಾ?" ಎಂದು ಕೇಳಿದ. ಅವನ ಷರತ್ತು ಇದು: ನನ್ನ ವಿಷಯ ಪತ್ರಿಕೆಯಲ್ಲಿ ಬರೆಯುವ ಮೊದಲು ನನ್ನನ್ನು ಕೇಳಬೇಕು. ನಾನು ಮುಖ ಬಿಗಿದುಕೊಂಡೆ. ಅವನು, "ಜನ ನಮ್ಮಂಗಡಿಗೆ ಕಣ್ಣು ತೋರ್ಸೋಕೆ ಬರ್ತಾರೆ ಖಾಲಾ. ಈಗೀಗ ನನ್ನ ನೋಡೋಕೆ ಬರ್ತಿದ್ದಾರೆ. ಬಾಗಿಲಲ್ಲಿ ನಿಂತು ಹೂಂ ಅಂದು ಹೋಗ್ತಾರೆ" ಎಂದ. ನಾಲ್ಕು ಜನಕ್ಕೆ ಕಳಿಸಿದವಳು ನಾನೇ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಅವನ ಸಾಲನ್ನು ಪೆನ್ಸಿಲ್ಲಿನಲ್ಲಿ ಬರೆದಿದ್ದೇನೆ. ಅದನ್ನು ಇಂಕಿಗೆ ಏರಿಸುವುದೋ ಅಳಿಸುವುದೋ ನಿನ್ನ ತೀರ್ಮಾನ. ನಿನ್ನ ಪೆನ್ನಿಗೆ ಮೂಗುದಾರ ಎಂದು ಕಂಡರೆ ಅಳಿಸು, ಅದು ನ್ಯಾಯವೇ. ನನ್ನನ್ನು ಕೇಳಿದರೆ, ಎಲ್ಲಕ್ಕೂ ಹೂಂ ಅಂದಾಗ ಇದ್ದ ಹೆದರಿಕೆ ಅವನು ಒಂದನ್ನು ಕೇಳಿದ ಮೇಲೆ ನನಗಿಲ್ಲ. ಏನೋ ಬೇಕು ಎಂದು ಬಾಯಿಬಿಟ್ಟು ಹೇಳುವ ಮನುಷ್ಯನ ಜೊತೆ ಜಗಳವಾಡಲು ಸುಲಭ.

ಒಂದು ಮಾತು ಮಾತ್ರ ನಡೆಸಿಕೊಡು. ಶುಕ್ರವಾರ ಎಲ್ಲರೂ ಅವಸರ ಮಾಡುತ್ತಾರೆ. ಫೋಟೊದವಳು ಈ ಕಡೆ ನೋಡು ಎನ್ನುತ್ತಾಳೆ, ಖಾಜಿ ಸಾಹೇಬರು ಗಡಿಯಾರ ನೋಡುತ್ತಾರೆ. ನೀನು ಹದಿನಾಲ್ಕು ಕಾಲಂ ಓದಿ ಮುಗಿಸುವವರೆಗೆ ಪೆನ್ನು ಮುಟ್ಟಬೇಡ. ತುಂಬಿದವಳು ಖಾಲಾ, ನೋಡುವುದೇನಿದೆ ಎಂದು ಬಿಡಬೇಡ. ಯಾರನ್ನು ಬಿಟ್ಟರೂ ಖಾಲಾಳನ್ನು ಅನುಮಾನಿಸುವುದು ಬಿಡಬೇಡ.

ಸುದ್ದಿಯವಳಿಗೂ ಮುಸುಕಿನವಳಿಗೂ ನನ್ನ ಸಲಾಂ.

ನಿನ್ನ,
ಗೆರೆಗೆ ರಾಜೀನಾಮೆ ಕೊಟ್ಟ,
ಖಾಲಾ

ಮರುಬರಹ: ಇದನ್ನು ಮರೆತು ಕೊನೆಗೆ ಸೇರಿಸುತ್ತಿಲ್ಲ. ಇಷ್ಟು ಹೊತ್ತು ಬರೆದದ್ದೆಲ್ಲ ಇದನ್ನು ಬರೆಯದೆ ಇರಲಿಕ್ಕೆ.

ನಾನು ಕೆಲಸಕ್ಕೆ ಸೇರಿದ ಒಂಬತ್ತನೆಯ ದಿನ ತುಂಬಿದ ನಿಕಾಹ್‌ನಾಮೆ ನಿನ್ನ ಅಮ್ಮಿಯದು. ಹಿಂದಿನ ದಿನ ಆಪಾ ನನ್ನ ಕೈ ಹಿಡಿದುಕೊಂಡು, ಟೀಚರ್ ಟ್ರೈನಿಂಗ್ ಮುಗಿಸಿಯೇ ಮುಗಿಸುತ್ತೇನೆ ಎಂದು ಒಂದು ಸಾಲು ಬರೆದುಬಿಡೇ ಎಂದಿದ್ದಳು. ಮರುದಿನ ಖಾಜಿ ಸಾಹೇಬರು ಎಲ್ಲರೆದುರು "ಹನ್ನೊಂದರಲ್ಲಿ ಏನಾದ್ರೂ ಇದೆಯಾ?" ಎಂದು ನನ್ನನ್ನು ಕೇಳಿದರು. ನಿನ್ನ ಅಬ್ಬಾನ ಕಡೆಯ ಹಿರಿಯರೆಲ್ಲ ನನ್ನ ಪೆನ್ನನ್ನೇ ನೋಡುತ್ತಿದ್ದರು. ಏನೂ ಇಲ್ಲ ಎಂದೆ. ನಾನು ಎಳೆದ ಮೊದಲ ಗೆರೆ ಅದು. ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಆಪಾ ಓದದೆ ಸಹಿ ಹಾಕಿದಳು, ಬರೆದವಳು ತಂಗಿ ಎಂದು.

ಟ್ರೈನಿಂಗ್ ಮತ್ತೆ ಶುರುವಾಗುವ ವಾರ ಅವಳು ಬಟ್ಟೆ ಕಟ್ಟಿಕೊಂಡು ಹೊರಟಾಗ, ನಿನ್ನ ಅಬ್ಬಾ "ಕಾಗದದಲ್ಲಿ ಎಲ್ಲಿದೆ ತೋರಿಸು" ಎಂದರಂತೆ. ತೆರೆದು ನೋಡಿದರೆ ಗೆರೆ. ಅವರೇ ಎಳೆಸಿದ್ದು ಎಂದು ಅವಳು ಇವತ್ತಿನವರೆಗೂ ನಂಬಿದ್ದಾಳೆ. ಇಪ್ಪತ್ತೈದು ವರ್ಷ ಆ ಮನುಷ್ಯನನ್ನು ಅನುಮಾನಿಸಿದ್ದಾಳೆ. ನಾನು ಪಕ್ಕದಲ್ಲಿ ಕೂತು ಹೌದು ಹೌದೆಂದಿದ್ದೇನೆ.

ಈ ಕಾಗದವನ್ನು ನಾನು ಅಂಚೆಗೆ ಹಾಕುವುದಿಲ್ಲ. ಸಂಜೆ ಲಕೋಟೆ ಅಂಟಿಸದೆ ಆಪಾಳ ಕೈಗೆ ಕೊಟ್ಟು ಬರುತ್ತೇನೆ. ಓದಿ, ಕಳಿಸುವುದಾದರೆ ಅವಳೇ ಕಳಿಸಲಿ.

ಇದು ನಿನ್ನ ಕೈಯಲ್ಲಿದೆ ಎಂದರೆ, ಅವಳು ಕಳಿಸಿದ್ದಾಳೆ.